ಸೂಜಿಯಿಂದ ಇನ್ಸುಲಿನ್ ಪಂಪ್‌ಗೆ: ಓದುಗರ ಪ್ರಶ್ನೆ, ಮಧುಮೇಹ ತಜ್ಞರ ಉತ್ತರ

ಪ್ರಶ್ನೆ (ಶಿರಸಿ ತಾಲ್ಲೂಕಿನ ತಾಯಿಯೊಬ್ಬರಿಂದ): ಡಾಕ್ಟರರಿಗೆ ನಮಸ್ಕಾರ. ನನ್ನ ಮಗಳಿಗೆ 16 ವರ್ಷ, ಟೈಪ್ 1 ಮಧುಮೇಹವಿದೆ. ರಾತ್ರಿ 9 ಗಂಟೆಗೆ ಗ್ಲಾರ್ಜಿನ್ ಇನ್ಸುಲಿನ್ 20 ಯೂನಿಟ್ ಮತ್ತು ಮೂರು ಹೊತ್ತಿನ ಊಟಕ್ಕೆ ಬೇಗ ಕೆಲಸ ಮಾಡುವ ಅಸ್ಪಾರ್ಟ್ ಇನ್ಸುಲಿನ್ 7, 7, 8 ಯೂನಿಟ್ ತೆಗೆದುಕೊಳ್ಳುತ್ತಾಳೆ. ಆದರೂ ರಾತ್ರಿ 3 ಗಂಟೆಯ ಹೊತ್ತಿಗೆ ಸಕ್ಕರೆ 60ರ ಆಸುಪಾಸಿಗೆ ಇಳಿದು ಮೈಯೆಲ್ಲ ಬೆವರುತ್ತದೆ, ಬೆಳಿಗ್ಗೆ 7ಕ್ಕೆ ನೋಡಿದರೆ 220 ದಾಟಿರುತ್ತದೆ. ಪಂಪ್ ಹಾಕಿಸಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂದು ಹುಬ್ಬಳ್ಳಿಯಲ್ಲಿರುವ ನೆಂಟರು ಹೇಳುತ್ತಿದ್ದಾರೆ. ನಮ್ಮದು ಘಟ್ಟದಂಚಿನ ತೋಟದ ಮನೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಎರಡು ದಿನ ಬರದಿರುವುದೂ ಉಂಟು. ಇಂಥಲ್ಲಿ ಪಂಪ್ ಒಗ್ಗುತ್ತದೆಯೇ? ಸೂಜಿಯಿಂದ ಅದಕ್ಕೆ ಬದಲಾಗುವುದು ಹೇಗೆ?

ಉತ್ತರ: ಅಮ್ಮಾ, ನೀವು ವಿವರಿಸಿರುವ ರಾತ್ರಿಯ ಏರಿಳಿತವೇ ಪಂಪ್ ಬಗ್ಗೆ ಯೋಚಿಸಲು ಒಳ್ಳೆಯ ಕಾರಣ. ಗ್ಲಾರ್ಜಿನ್ ಒಮ್ಮೆ ಚರ್ಮದಡಿ ಸೇರಿದರೆ ಸುಮಾರು 24 ಗಂಟೆ ಹೆಚ್ಚುಕಡಿಮೆ ಒಂದೇ ಸಮನೆ ಕೆಲಸ ಮಾಡುತ್ತದೆ. 3 ಗಂಟೆಗೆ ಸ್ವಲ್ಪ ಕಡಿಮೆ, 5 ಗಂಟೆಗೆ ಸ್ವಲ್ಪ ಹೆಚ್ಚು ಎಂದು ಅದನ್ನು ತಿದ್ದಲು ಬರುವುದಿಲ್ಲ. ನಸುಕಿನಲ್ಲಿ ದೇಹದ ಕೆಲವು ಹಾರ್ಮೋನುಗಳು ಸಕ್ಕರೆಯನ್ನು ಏರಿಸುತ್ತವೆ, ಹರೆಯದಲ್ಲಿ ಇದು ಇನ್ನೂ ಹೆಚ್ಚು. ಚರ್ಮದಡಿಗೆ ದಿನವಿಡೀ ಸ್ವಲ್ಪಸ್ವಲ್ಪವೇ ಇನ್ಸುಲಿನ್ ಬಿಡುವ ಪುಟ್ಟ ಯಂತ್ರವಾದ ಪಂಪ್‌ನಲ್ಲಿ ಗಂಟೆಗಂಟೆಗೂ ಬೇರೆ ಪ್ರಮಾಣ ನಿಗದಿ ಮಾಡಬಹುದು. ಆದರೆ ಅದಕ್ಕೂ ಮೊದಲು ಒಂದು ಮಾತು ಕೇಳಬೇಕು: 3 ಗಂಟೆಗೆ ಸಕ್ಕರೆ ಇಳಿದಾಗ ಅವಳಿಗೆ ಏನು, ಎಷ್ಟು ಕೊಡುತ್ತೀರಿ? 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ ಸಕ್ಕರೆ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡುವುದು ಕ್ರಮ. ಗಾಬರಿಯಲ್ಲಿ ಲೋಟ ತುಂಬ ಪಾನಕ ಕುಡಿಸಿದ್ದರೆ, ಬೆಳಗಿನ 220ರಲ್ಲಿ ಅದರದ್ದೂ ಪಾಲಿರುತ್ತದೆ.

ಪಂಪ್ ‘ತಾನಾಗಿ’ ಎಲ್ಲವನ್ನೂ ಮಾಡುತ್ತದೆ ಎಂಬುದು ಅರ್ಧ ಮಾತ್ರ ನಿಜ. ಮೈಗೆ ಅಂಟಿಕೊಂಡು ಸಕ್ಕರೆಯನ್ನು ಸದಾ ಅಳೆಯುವ ಸೆನ್ಸರ್ ಜೊತೆಗೆ ಹೊಂದಿಕೊಂಡು ತಾನೇ ಪ್ರಮಾಣ ಬದಲಿಸುವ ಪಂಪ್‌ಗಳು ಈಗ ನಮ್ಮ ದೇಶದಲ್ಲೂ ಸಿಗುತ್ತವೆ. ಅಂಥವುಗಳಲ್ಲೂ ಊಟದ ಪಿಷ್ಟವನ್ನು ಲೆಕ್ಕ ಹಾಕಿ ಒತ್ತುವುದು ಮಗಳ ಕೆಲಸವೇ.

ಬದಲಾವಣೆಯ ಲೆಕ್ಕವನ್ನು ಅವಳ ಡೋಸ್ ಇಟ್ಟುಕೊಂಡೇ ಹೇಳುತ್ತೇನೆ. ಅಂತಿಮವಾಗಿ ಇದನ್ನು ನಿಗದಿ ಮಾಡಬೇಕಾದವರು ಅವಳನ್ನು ನೋಡುವ ವೈದ್ಯರು. ಈಗ ದಿನಕ್ಕೆ ಒಟ್ಟು 42 ಯೂನಿಟ್ ಹೋಗುತ್ತಿದೆ. ಪಂಪ್‌ಗೆ ಬರುವಾಗ ಸಾಮಾನ್ಯವಾಗಿ 10ರಿಂದ 25 ಶೇಕಡಾ ಇಳಿಸುತ್ತೇವೆ. 20 ಶೇಕಡಾ ಎಂದುಕೊಂಡರೆ ಸುಮಾರು 34 ಯೂನಿಟ್ ಉಳಿಯುತ್ತದೆ. ಅದರ ಅರ್ಧ, ಅಂದರೆ 17 ಯೂನಿಟ್, ಗಂಟೆಗೆ 0.7ರಂತೆ ದಿನವಿಡೀ ಒಳಹೋಗುತ್ತದೆ, ಉಳಿದರ್ಧ ಊಟತಿಂಡಿಗೆ. 500ನ್ನು ದಿನದ ಒಟ್ಟು ಡೋಸ್‌ನಿಂದ (ಇಲ್ಲಿ 34) ಭಾಗಿಸುವ ರೂಢಿಯಂತೆ ಅವಳಿಗೆ ಸುಮಾರು 15 ಗ್ರಾಂ ಪಿಷ್ಟಕ್ಕೆ ಒಂದು ಯೂನಿಟ್ ಬೇಕಾಗುತ್ತದೆ. 100 ಗ್ರಾಂ ಅನ್ನದಲ್ಲಿ 28 ಗ್ರಾಂನಷ್ಟು ಪಿಷ್ಟವಿರುವುದರಿಂದ ಅಷ್ಟು ಅನ್ನಕ್ಕೆ ಸುಮಾರು ಎರಡು ಯೂನಿಟ್. ಹಿಂದಿನ ರಾತ್ರಿಯ ಗ್ಲಾರ್ಜಿನ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಪಂಪ್ ಪೂರ್ತಿ ವೇಗದಲ್ಲಿ ಓಡಿದರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಮರುದಿನ ಸಂಜೆ ಆರಂಭಿಸುವುದು, ಇಲ್ಲವೇ ಮೊದಲ ದಿನ ಪ್ರಮಾಣ ತಗ್ಗಿಸಿಡುವುದು ರೂಢಿ. ಮೊದಲ ಕೆಲವು ರಾತ್ರಿ 12ಕ್ಕೂ 3ಕ್ಕೂ ಎದ್ದು ನೋಡಲೇಬೇಕು.

ಇನ್ನು ಕರೆಂಟ್. ನೀವು ಹೆದರಿದಷ್ಟು ದೊಡ್ಡ ತೊಡಕು ಅದಲ್ಲ. ಪೇಟೆಯಲ್ಲಿ ಸಿಗುವ ಸಣ್ಣ ಬ್ಯಾಟರಿಯಿಂದಲೇ ನಡೆಯುವ ಪಂಪ್‌ಗಳಿವೆ. ಚಾರ್ಜ್ ಮಾಡುವಂಥದ್ದನ್ನು ಕೊಳ್ಳುವ ಮೊದಲು ಮಾತ್ರ ವಿಚಾರಿಸಿ. ಬಳಕೆಗೆ ತೆಗೆದ ಇನ್ಸುಲಿನ್ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ, ಮಳೆಗಾಲದ ಶಿರಸಿಯಲ್ಲಿ ಅದಕ್ಕಿಂತ ಸೆಕೆ ಎಲ್ಲಿದೆ? ನಿಜವಾದ ತೊಡಕು ರಸ್ತೆಯದು. ಇನ್ಸುಲಿನ್ ಒಳಬಿಡಲು ಹೊಟ್ಟೆಗೆ ಅಂಟಿಸುವ ಕ್ಯಾನುಲಾ ಎಂಬ ಸಣ್ಣ ಕೊಳವೆಯನ್ನು ಎರಡು-ಮೂರು ದಿನಕ್ಕೊಮ್ಮೆ ಬದಲಿಸಬೇಕು, ತಿಂಗಳಿಗೆ 10ರಿಂದ 15 ಸೆಟ್ ಬೇಕು, ಅವು ಬರುವುದು ಕೊರಿಯರ್‌ನಲ್ಲಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದು ನಿಮಗೆ ನೆನಪಿರಬಹುದು. ಮೇ ಮುಗಿಯುವುದರೊಳಗೆ ಎರಡು ತಿಂಗಳ ಸಾಮಗ್ರಿ ಮನೆಯಲ್ಲಿರಲಿ.

ಎಲ್ಲಕ್ಕಿಂತ ಮುಖ್ಯವಾದುದು ಇದು: ಪಂಪ್‌ನಲ್ಲಿ ಬೇಗ ಕೆಲಸ ಮಾಡಿ ಬೇಗ ಮುಗಿಯುವ ಇನ್ಸುಲಿನ್ ಮಾತ್ರ ಇರುತ್ತದೆ, ಗ್ಲಾರ್ಜಿನ್‌ನಂಥ ದಾಸ್ತಾನು ಮೈಯಲ್ಲಿರುವುದಿಲ್ಲ. ಟ್ಯೂಬ್ ಮಡಚಿಕೊಂಡರೆ, ನಿದ್ದೆಯಲ್ಲಿ ಕ್ಯಾನುಲಾ ಕಿತ್ತುಬಂದರೆ, ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ (ಇನ್ಸುಲಿನ್ ಸಾಲದಾದಾಗ ದೇಹ ಕೊಬ್ಬನ್ನು ಕರಗಿಸಿ ಉಂಟುಮಾಡುವ ಆಮ್ಲ) ಏರಿ ಪ್ರಾಣಾಪಾಯವಾಗಬಹುದು. ಸಕ್ಕರೆ 250 ದಾಟಿ, ಪಂಪ್‌ನಿಂದ ಒಮ್ಮೆ ಕೊಟ್ಟರೂ ಇಳಿಯದಿದ್ದರೆ ಅಥವಾ ವಾಂತಿ ಬರುವಂತಾದರೆ, ಮತ್ತೆ ಪಂಪ್ ಒತ್ತುತ್ತ ಕೂರದೆ ಚುಚ್ಚುವ ಇನ್ಸುಲಿನ್ ಪೆನ್ನಿನಿಂದ ಇನ್ಸುಲಿನ್ ಕೊಟ್ಟು, ಸೆಟ್ ಬದಲಿಸಿ, ಕೀಟೋನ್ ಪಟ್ಟಿಯಲ್ಲಿ ಪರೀಕ್ಷಿಸಿ. ಕೀಟೋನ್ ಹೆಚ್ಚಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಪೆನ್ನುಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಪಂಪ್ ಕೆಟ್ಟ ದಿನ ಹಳೆಯ ಡೋಸ್‌ಗೆ ಮರಳುವುದು ಹೇಗೆಂಬುದನ್ನು ವೈದ್ಯರಿಂದ ಬರೆಸಿಕೊಂಡು ಫ್ರಿಜ್ ಬಾಗಿಲಿಗೆ ಅಂಟಿಸಿ. ಇಷ್ಟಕ್ಕೆ ಮನೆಯವರೆಲ್ಲ ಸಿದ್ಧರಿಲ್ಲದಿದ್ದರೆ ನಾನು ಪಂಪ್ ಬರೆದುಕೊಡುವುದಿಲ್ಲ.

ಅದೇ ತಾಯಿ: ಉಪಕಾರವಾಯಿತು ಡಾಕ್ಟರೇ. ನಮ್ಮೂರ ಔಷಧ ಅಂಗಡಿಯಲ್ಲಿ 40ರ ಇನ್ಸುಲಿನ್ ಬಾಟಲಿ ಸುಲಭವಾಗಿ ಸಿಗುತ್ತದೆ. ತುರ್ತಿಗೆ ಅದನ್ನೇ ಪಂಪ್‌ಗೆ ತುಂಬಬಹುದೇ? ಖರ್ಚಿನದೂ ಯೋಚನೆಯಾಗಿದೆ.

ಉತ್ತರ: ಖಂಡಿತ ತುಂಬಬೇಡಿ. ಪಂಪ್ ಲೆಕ್ಕ ಹಾಕುವುದು ಒಂದು ಎಂಎಲ್‌ಗೆ 100 ಯೂನಿಟ್ ಎಂದು. 40ರದ್ದನ್ನು ತುಂಬಿದರೆ ಪರದೆಯ ಮೇಲೆ 5 ಯೂನಿಟ್ ಎಂದು ತೋರಿಸಿದಾಗ ಮೈಗೆ ಹೋಗುವುದು ಎರಡೇ. ಸಿರಿಂಜೂ ಹಾಗೆಯೇ: ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಖರ್ಚಿನ ಮಾತಿಗೆ ಬಂದರೆ, ಪಂಪ್‌ನ ಬೆಲೆ ಲಕ್ಷಗಳಲ್ಲಿದೆ, ತಿಂಗಳ ಸಾಮಗ್ರಿಗೆ ಬೇರೆ ಸಾವಿರಾರು ರೂಪಾಯಿ. ಸಾಲ ಮಾಡಿ ಕೊಂಡು ಆಮೇಲೆ ಕ್ಯಾನುಲಾವನ್ನು ವಾರಗಟ್ಟಲೆ ಎಳೆಯುವುದಕ್ಕಿಂತ ಪೆನ್ನೇ ಮೇಲು. ಬಿಗಿ ಹತೋಟಿಯಿಂದ ಕಣ್ಣು, ಮೂತ್ರಪಿಂಡ, ನರಗಳು ಉಳಿಯುತ್ತವೆ ಎಂಬುದನ್ನು 1993ರಲ್ಲಿ ತೋರಿಸಿಕೊಟ್ಟ, ಟೈಪ್ 1 ಮಧುಮೇಹಿಗಳ ಮೇಲೆ ನಡೆದ ಡಿಸಿಸಿಟಿ ಎಂಬ ದೊಡ್ಡ ಅಧ್ಯಯನದಲ್ಲಿ ಹಾಗೆ ಹತೋಟಿ ಸಾಧಿಸಿದವರ ಪೈಕಿ ಪಂಪ್ ಬಳಸಿದವರೂ ಇದ್ದರು, ದಿನಕ್ಕೆ ಮೂರು ಅಥವಾ ಹೆಚ್ಚು ಸಲ ಚುಚ್ಚಿಕೊಂಡವರೂ ಇದ್ದರು.

ಪ್ರಶ್ನೆ (ಕಾರವಾರ): ಸರ್, ನನಗೂ ಟೈಪ್ 1. ಬೈತಖೋಲದಿಂದ ಟ್ರಾಲರ್‌ನಲ್ಲಿ ಹೋದರೆ ನಾಲ್ಕೈದು ದಿನ ಸಮುದ್ರದಲ್ಲೇ ಇರುತ್ತೇನೆ. ಪಂಪ್ ಆಗುತ್ತದೆಯೇ?

ಉತ್ತರ: ನಿಮ್ಮ ಕೆಲಸಕ್ಕೆ ಪೆನ್ನೇ ಇರಲಿ ಎಂಬುದು ನನ್ನ ಅಭಿಪ್ರಾಯ. ಬಲೆ ಎಳೆಯುವಾಗ ಟ್ಯೂಬ್ ಸಿಕ್ಕಿಕೊಳ್ಳುತ್ತದೆ, ಬೆವರಿಗೂ ಉಪ್ಪುನೀರಿಗೂ ಅಂಟು ಬಿಡುತ್ತದೆ. ಡೆಕ್ಕಿನ ಬಿಸಿಲಿನಲ್ಲಿ ಪಂಪ್ ಒಳಗಿನ ಇನ್ಸುಲಿನ್ 37 ಡಿಗ್ರಿ ದಾಟಿ ಕಾದರೆ ಅದರ ಬಲ ಕುಂದುತ್ತದೆ. ಆಗ ದಡ ಮುಟ್ಟಲು ಒಂದು ದಿನ ಬೇಕಾದರೆ ಅಷ್ಟರೊಳಗೆ ಕೀಟೋನ್ ಏರಿರುತ್ತದೆ. ಬದಲಿಗೆ ಸೆನ್ಸರ್ ಒಂದನ್ನೇ ಹಾಕಿಸಿಕೊಳ್ಳಿ. ರಾತ್ರಿ ದುಡಿದ ಮೇಲೆ ಸಕ್ಕರೆ ಇಳಿಯುವುದನ್ನು ಅದು ಮೊದಲೇ ಎಚ್ಚರಿಸುತ್ತದೆ.

ಪ್ರಶ್ನೆ (ಕುಮಟಾ): ನಮ್ಮ ಮಾವನವರಿಗೆ 70 ವರ್ಷ, ಟೈಪ್ 2. ಎರಡು ಹೊತ್ತು ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ರಾತ್ರಿ ಸಕ್ಕರೆ ಇಳಿಯುತ್ತಿದೆ. ಅವರಿಗೂ ಪಂಪ್ ಹಾಕಿಸಬಹುದೇ?

ಉತ್ತರ: ಅವರಿಗೆ ಬೇಕಾದದ್ದು ಪಂಪ್ ಅಲ್ಲ. ಸಂಜೆಯ ಡೋಸ್ ಹೆಚ್ಚಾಗಿರಬಹುದು, ಅಥವಾ ರಾತ್ರಿಯ ಊಟ ಕಡಿಮೆಯಾಗಿರಬಹುದು. ವಯಸ್ಸಾದವರಲ್ಲಿ ಮೂತ್ರಪಿಂಡ ಸೋತರೂ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಈ ವಾರವೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆಯ ದಾಖಲೆಯೊಡನೆ ಅವರ ವೈದ್ಯರನ್ನು ಕಾಣಿಸಿ.