ಆಕ್ಸಿಪಿಟಲ್ ರಕ್ತಸ್ರಾವ, ಎಂಆರ್‌ಐಯಲ್ಲಿ ಕರಿ ಚುಕ್ಕೆ: ಅಪಿಕ್ಸಬಾನ್ ಮತ್ತೆ ಶುರು ಮಾಡಬೇಕಾ?

ಮುಧೋಳ_ಜಿಪಿ

ನಮಸ್ಕಾರ್ರೀ. ಕೇಸು ಹಿಂಗಿದೆ. 76 ವರ್ಷದ ಅಜ್ಜಿ. ಏಟ್ರಿಯಲ್ ಫಿಬ್ರಿಲೇಶನ್ (ಹೃದಯದ ಬಡಿತ ತಾಳ ತಪ್ಪೋದು) ಇದ್ದದ್ದಕ್ಕೆ ಎರಡು ವರ್ಷದಿಂದ ರಕ್ತ ತೆಳು ಮಾಡುವ ಅಪಿಕ್ಸಬಾನ್ 5 ಎಂಜಿ ದಿನಕ್ಕೆರಡು. ಬಿಪಿಗೆ ಅಮ್ಲೋಡಿಪಿನ್ 5 ಎಂಜಿ. ಹಳೇ ಚೀಟಿ ಎಲ್ಲಾ ನೋಡಿದೆ, ಮೇಲಿನ ಬಿಪಿ 150 ದಾಟಿದ್ದು ಎಲ್ಲೂ ಇಲ್ಲ. ಐದು ವಾರದ ಹಿಂದೆ ಒಮ್ಮೆಲೇ ತಲೆನೋವು ಬಂದು ಬಲಗಡೆ ನೋಟ ಹೋಯಿತು. ಸಿಟಿಯಲ್ಲಿ ಎಡ ಆಕ್ಸಿಪಿಟಲ್ ಭಾಗದಲ್ಲಿ (ಮಿದುಳಿನ ಹಿಂಬದಿ) ಸುಮಾರು 25 ಎಂಎಲ್ ರಕ್ತ. ಆಪರೇಶನ್ ಬೇಕಾಗಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಹೈಪರ್‌ಟೆನ್ಸಿವ್ ಬ್ಲೀಡ್’ (ಬಿಪಿಯಿಂದಾದ ರಕ್ತಸ್ರಾವ) ಅಂತ ಬರೆದು ಕೈತೊಳೆದುಕೊಂಡಿದ್ದಾರೆ.

ಮೊನ್ನೆ ಎಂಆರ್‌ಐ ಆಯಿತು. ಕಾರ್ಟೆಕ್ಸ್ (ಮಿದುಳಿನ ಹೊರಪದರ) ಅಂಚಿನಲ್ಲಿ ಆರು ಮೈಕ್ರೋಬ್ಲೀಡ್ (ಸಣ್ಣ ರಕ್ತಸ್ರಾವದ ಕರಿ ಚುಕ್ಕೆ), ಒಳಗಿನ ಥಲಾಮಸ್, ಬೇಸಲ್ ಗ್ಯಾಂಗ್ಲಿಯಾ ಸ್ವಚ್ಛ. ಎರಡು ಸಲ್ಕಸ್‌ನಲ್ಲಿ (ಮಿದುಳಿನ ಮೇಲಿನ ಮಡಿಕೆ) ಸೂಪರ್‌ಫಿಶಿಯಲ್ ಸಿಡರೋಸಿಸ್ (ಹಳೇ ರಕ್ತದ ಕಲೆ). ವರದಿ: ‘ಪ್ರಾಬಬಲ್ ಸೆರೆಬ್ರಲ್ ಅಮಿಲಾಯ್ಡ್ ಆಂಜಿಯೋಪಥಿ’ (ಸಿಎಎ: ಮಿದುಳಿನ ರಕ್ತನಾಳದ ಗೋಡೆಯಲ್ಲಿ ಅಮಿಲಾಯ್ಡ್ ಪ್ರೋಟೀನು ಕೂರುವ ರೋಗ; ‘ಪ್ರಾಬಬಲ್’ ಅಂದರೆ ಬಹುತೇಕ ಅದೇ). ಹೃದಯದ ಡಾಕ್ಟರು ರಕ್ತ ತೆಳು ಮಾಡುವ ಗುಳಿಗೆ ಮತ್ತೆ ಶುರು ಮಾಡಿ ಅನ್ನುತ್ತಾರೆ, ಮನೆಯವರು ಅಂಜಿಕೊಂಡಿದ್ದಾರೆ. ಇನ್ನೊಂದು: ಹದಿನೈದು ದಿನದಲ್ಲಿ ಮೂರು ಸಲ ಬಲಗೈ ಬೆರಳಿನಿಂದ ಜೋಮು ಹತ್ತಿ ಮೆಲ್ಲಗೆ ತುಟಿಯ ಮೂಲೆವರೆಗೆ ಏರಿ, ಹತ್ತು ನಿಮಿಷಕ್ಕೆ ಇಳಿದಿದೆ. ಟಿಐಎ (ಸ್ವಲ್ಪ ಹೊತ್ತಿಗೆ ತಾನೇ ಇಳಿಯುವ ಸಣ್ಣ ಲಕ್ವಾ) ಅಂತ ಆಸ್ಪಿರಿನ್ ಕೊಡಲೋ ಬೇಡವೋ?

ನ್ಯೂರೋ_ಬೆಳಗಾವಿ

ಕಡೇ ಪ್ರಶ್ನೆ ಮೊದಲು ತೊಗೋತೀನಿ, ಯಾಕಂದರೆ ಅಪಾಯ ಅಲ್ಲಿದೆ. ಆಸ್ಪಿರಿನ್ ಕೊಡಬೇಡಿ. ಟಿಐಎ ಸಾಮಾನ್ಯವಾಗಿ ಒಂದೇ ಏಟಿಗೆ ಬರುತ್ತದೆ: ಕೈ, ಮುಖ, ಮಾತು ಒಟ್ಟಿಗೇ ಹೋಗುತ್ತವೆ. ಈ ಅಜ್ಜಿಗೆ ಬೆರಳಿನಿಂದ ತುಟಿಗೆ ನಿಮಿಷಗಟ್ಟಲೆ ಹರಿದು ಬಂದಿದೆ, ಪ್ರತಿ ಸಲ ಅದೇ ದಾರಿ ಹಿಡಿದಿದೆ. ಇದು ‘ಅಮಿಲಾಯ್ಡ್ ಸ್ಪೆಲ್’. ಕಾರ್ಟೆಕ್ಸ್ ಮೇಲಿನ ಮಡಿಕೆಯೊಳಗೆ ರಕ್ತ ಜಿನುಗಿದ್ದು, ಇಲ್ಲವೇ ಹಳೇ ಸಿಡರೋಸಿಸ್, ಸುತ್ತಲಿನ ನರಕೋಶಗಳನ್ನು ಕೆರಳಿಸುತ್ತದೆ. ಟಿಐಎ ಅಂತ ತಿಳಿದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಹಚ್ಚಿದರೆ ಮುಂದಿನ ದೊಡ್ಡ ರಕ್ತಸ್ರಾವಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಎಂಆರ್‌ಐ ಆದ ಮೇಲೂ ಸ್ಪೆಲ್ ಬಂದಿದ್ದರೆ ಇನ್ನೊಮ್ಮೆ ಸಾದಾ ಸಿಟಿ ಮಾಡಿಸಿ, ಸಲ್ಕಸ್‌ನಲ್ಲಿ ಹೊಸ ರಕ್ತ ಇದೆಯಾ ನೋಡಿ. ಪದೇ ಪದೇ ಬಂದರೆ ಫಿಟ್ಸ್ ಔಷಧ ಲೆವೆಟಿರಾಸೆಟಮ್ 250 ಎಂಜಿ ಎರಡು ಹೊತ್ತು ಹಚ್ಚಿ ನೋಡುವ ರೂಢಿ ಇದೆ. ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಿಯೇ ಹಚ್ಚಿ. ದೊಡ್ಡ ಅಧ್ಯಯನದ ಬಲ ಇದಕ್ಕಿಲ್ಲ, ಅನುಭವದ ಮೇಲೆ ಕೊಡೋದು.

ಇನ್ನು ರೋಗದ ಹೆಸರು. ಬಿಪಿಯಿಂದಾಗುವ ರಕ್ತಸ್ರಾವ ಒಳಭಾಗದ್ದು: ಬೇಸಲ್ ಗ್ಯಾಂಗ್ಲಿಯಾ, ಥಲಾಮಸ್, ಪಾನ್ಸ್, ಸೆರೆಬೆಲ್ಲಮ್ಮಿನ ಒಳಗಡೆ. ಅಮಿಲಾಯ್ಡ್‌ದು ಅಂಚಿನದು, ಅದರಲ್ಲೂ ಹಿಂಭಾಗದ ಕಡೆ ಒಲವು ಜಾಸ್ತಿ. ಬೀಟಾ ಅಮಿಲಾಯ್ಡ್ ಪ್ರೋಟೀನು ಕಾರ್ಟೆಕ್ಸ್ ಮತ್ತು ಅದರ ಮೇಲ್ಪೊರೆಯ ಸಣ್ಣ ಅಪಧಮನಿಗಳ ಗೋಡೆಯೊಳಗೆ ಕೂತು ಅಲ್ಲಿನ ಸ್ನಾಯುಕೋಶಗಳನ್ನು ಕೊಲ್ಲುತ್ತದೆ. ಮನೆಯವರಿಗೆ ಹೇಳೋದಾದರೆ ಕಬ್ಬಿನ ಹೊಲದಲ್ಲಿ ಬಿಸಿಲಿಗೆ ಬಿದ್ದ ಹಳೇ ಡ್ರಿಪ್ ಪೈಪು ನೆನೆಸಿಕೊಳ್ಳಲು ಹೇಳಿ. ನೀರಿನ ಒತ್ತಡ ಹೆಚ್ಚಿರಬೇಕಂತಿಲ್ಲ, ಪೈಪೇ ಪೆಡಸಾಗಿ ಸೀಳುತ್ತದೆ. 2022ರ ಬೋಸ್ಟನ್ 2.0 ಮಾನದಂಡದ ಪ್ರಕಾರ 50 ದಾಟಿದವರಲ್ಲಿ, ಒಳಭಾಗದಲ್ಲಿ ಏನೂ ಇಲ್ಲದೆ, ಅಂಚಿನಲ್ಲಿ ಎರಡು ರಕ್ತಸ್ರಾವದ ಗುರುತು ಇದ್ದರೆ ‘ಪ್ರಾಬಬಲ್’. ನಿಮ್ಮ ಕೇಸಿನಲ್ಲಿ ಎರಡಲ್ಲ, ಎಂಟೊಂಬತ್ತಿವೆ. ಡಿಸ್ಚಾರ್ಜ್ ಕಾರ್ಡ್ ತಿದ್ದಿಸಿಕೊಳ್ಳಿ. ಮುಂದೆ ಯಾವ ಕ್ಯಾಜುವಾಲ್ಟಿಗೆ ಹೋದರೂ ಅವರು ಮೊದಲು ಓದೋದು ಅದನ್ನೇ.

ಅಪಿಕ್ಸಬಾನ್: ನನ್ನ ಮತ ಬೇಡ ಅಂತಲೇ. ಸಿಎಎ ರಕ್ತಸ್ರಾವ ವರ್ಷಕ್ಕೆ ಸುಮಾರು 7% ಜನರಲ್ಲಿ ಮರುಕಳಿಸುತ್ತದೆ. ಸಿಎಎ ಅಲ್ಲದ್ದು ಸುಮಾರು 1%. ಸಿಡರೋಸಿಸ್ ಇದ್ದರೆ ಇನ್ನೂ ಹೆಚ್ಚು. ಎನ್ರಿಚ್-ಎಎಫ್ ಟ್ರಯಲ್‌ನಲ್ಲಿ ಅಂಚಿನ ರಕ್ತಸ್ರಾವ ಆದವರಿಗೆ ಎಡಾಕ್ಸಬಾನ್ (ಅಪಿಕ್ಸಬಾನ್ ಥರದ್ದೇ ಔಷಧ) ಕೊಟ್ಟಾಗ ಮತ್ತೆ ರಕ್ತಸ್ರಾವ ಎಷ್ಟು ಹೆಚ್ಚಾಯಿತೆಂದರೆ, ಅಂಥವರನ್ನು ಸೇರಿಸಿಕೊಳ್ಳೋದನ್ನೇ ನಡುವೆ ನಿಲ್ಲಿಸಬೇಕಾಯಿತು. 2025ರ ಪ್ರೆಸ್ಟೀಜ್-ಎಎಫ್ ಕೂಡ ಅದೇ ಮಾತು: ಹೆಪ್ಪುಗಟ್ಟುವ ಲಕ್ವಾ ಕಡಿಮೆಯಾಗುತ್ತದೆ, ಮಿದುಳಿನ ರಕ್ತಸ್ರಾವ ಏರುತ್ತದೆ. ಆದರೆ ಹೃದಯದ ಡಾಕ್ಟರ ಭಯವೂ ಸುಳ್ಳಲ್ಲ. ಈ ಅಜ್ಜಿಯ ಲಕ್ವಾ ಅಪಾಯದ ಸ್ಕೋರು ವಯಸ್ಸಿಗೆ 2, ಹೆಣ್ಣು 1, ಬಿಪಿ 1, ಒಟ್ಟು 4. ಹಾಗಾಗಿ ಲೆಫ್ಟ್ ಏಟ್ರಿಯಲ್ ಅಪೆಂಡೇಜ್ (ಹೃದಯದ ಎಡ ಮೇಲ್ಕೋಣೆಯ ಸಣ್ಣ ಚೀಲ, ಹೆಪ್ಪು ಕಟ್ಟುವ ಜಾಗ) ಮುಚ್ಚುವ ಸಾಧನದ ಬಗ್ಗೆ ಅವರ ಜೊತೆ ಕೂತು ಮಾತಾಡಿ. ಮೊದಲು ಅನ್ನನಾಳದ ಮೂಲಕ ಎಕೋ ಮಾಡಿ ಅಲ್ಲಿ ಹೆಪ್ಪಿಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ತೊಡಕು ಒಂದಿದೆ: ಸಾಧನ ಹಾಕಿದ ಮೇಲೆ ಅದರ ಮೇಲೆ ಹೆಪ್ಪು ಕೂರದಂತೆ ಕೆಲ ಕಾಲ ಆಂಟಿಪ್ಲೇಟ್ಲೆಟ್ (ಆಸ್ಪಿರಿನ್ ಥರದ ಔಷಧ) ಬೇಕು. ಆ ಅವಧಿ ಆದಷ್ಟು ಚಿಕ್ಕದಿರಲಿ, ಒಂದೇ ಔಷಧದಲ್ಲಿ ಆಗುತ್ತದಾ ಅಂತ ಮೊದಲೇ ಕೇಳಿ ಬರೆಸಿಕೊಳ್ಳಿ.

ಅಮಿಲಾಯ್ಡನ್ನೇ ತೆಗೆದು ಈ ರಕ್ತಸ್ರಾವ ತಡೆಯುವ ಔಷಧ ಇಲ್ಲ. ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಬಗ್ಗೆ ಮಕ್ಕಳು ಮೊಬೈಲಿನಲ್ಲಿ ಓದಿ ಕೇಳಬಹುದು. ಅವು ಆಲ್ಝೈಮರ್‌ಗೆ; ಇಷ್ಟು ಚುಕ್ಕೆ, ಸಿಡರೋಸಿಸ್ ಇದ್ದವರಲ್ಲಿ ಮಿದುಳಿನ ಊತ, ರಕ್ತಸ್ರಾವ ತರುವಂಥವು. ನಮ್ಮ ಕೈಯಲ್ಲಿರೋದು ಬಿಪಿ ಒಂದೇ. ಪ್ರೋಗ್ರೆಸ್ ಅಧ್ಯಯನದಲ್ಲಿ ಪೆರಿಂಡೊಪ್ರಿಲ್ ಆಧಾರಿತ ಚಿಕಿತ್ಸೆಗೆ ಸಿಎಎ ರಕ್ತಸ್ರಾವ 77% ಇಳಿದಿತ್ತು. ಮೇಲಿನದು 138 ಇದ್ದರೆ ‘ವಯಸ್ಸಿಗೆ ಸರಿ ಇದೆ’ ಅನ್ನಬೇಡಿ, 130/80ರ ಕೆಳಗೆ ತನ್ನಿ. ಗುಳಿಗೆ ಏರಿಸಿದಾಗಲೆಲ್ಲ ಅಜ್ಜಿಯನ್ನು ಎದ್ದು ನಿಲ್ಲಿಸಿ 1 ನಿಮಿಷಕ್ಕೆ, 3 ನಿಮಿಷಕ್ಕೆ ಬಿಪಿ ನೋಡಿ. ಮೇಲಿನದು 20 ಇಳಿದರೆ ಬಚ್ಚಲದಲ್ಲಿ ಬೀಳುತ್ತಾರೆ, ಆಗ ಬೇರೆ ಥರದ ರಕ್ತಸ್ರಾವ ನೋಡಬೇಕಾಗುತ್ತದೆ.

ಎಂಆರ್‌ಐ_ಬಾಗಲಕೋಟೆ

ಸ್ಕ್ಯಾನ್ ಕಡೆಯಿಂದ ನಾಲ್ಕು ಮಾತು. ಈ ಚುಕ್ಕೆಗಳು ಸಿಟಿಯಲ್ಲಿ ಕಾಣೋದಿಲ್ಲ, ಸಾದಾ ಟಿ2, ಫ್ಲೇರ್ ಎಂಬ ಎಂಆರ್‌ಐ ಚಿತ್ರಗಳಲ್ಲೂ ಬಹುತೇಕ ತಪ್ಪಿಹೋಗುತ್ತವೆ. ಹಳೇ ರಕ್ತವನ್ನು ಎತ್ತಿ ತೋರಿಸುವ ಎಸ್‌ಡಬ್ಲ್ಯೂಐ ಅಥವಾ ಗ್ರೇಡಿಯಂಟ್ ಎಕೋ ಎಂಬ ಎಂಆರ್‌ಐ ವಿಧಾನ ಬೇಕು. ಚೀಟಿಯಲ್ಲಿ ‘ಎಂಆರ್‌ಐ ಬ್ರೇನ್’ ಅಂತಷ್ಟೇ ಬರೆದರೆ ಕೆಲವು ಕಡೆ ಅದನ್ನು ಬಿಟ್ಟೇ ಮುಗಿಸುತ್ತಾರೆ, ವರದಿಯಲ್ಲಿ ‘ವಯೋಸಹಜ ಬದಲಾವಣೆ’ ಅಂತ ಬರುತ್ತದೆ. ‘ಎಸ್‌ಡಬ್ಲ್ಯೂಐ ಫೇಸ್ ಚಿತ್ರ ಸಮೇತ, ಅಂಚಿನ ಚುಕ್ಕೆ ಎಷ್ಟು, ಒಳಗಿನವು ಎಷ್ಟು, ಸಿಡರೋಸಿಸ್ ಎಷ್ಟು ಸಲ್ಕಸ್’ ಅಂತ ಬಿಡಿಸಿ ಬರೆಯಿರಿ. ಫೇಸ್ ಚಿತ್ರ ಯಾಕೆಂದರೆ ಸುಣ್ಣ ಕಟ್ಟಿದ್ದೂ ಕರಿಯಾಗೇ ಕಾಣುತ್ತದೆ, ಅದನ್ನು ರಕ್ತದಿಂದ ಬೇರೆ ಮಾಡೋದು ಅದೇ. ಅಡ್ಡ ಕೊಯ್ದ ಸಿರೆಯೂ ಚುಕ್ಕೆಯಂತೆಯೇ ಇರುತ್ತದೆ. ಮೇಲಿನ ಕೆಳಗಿನ ಸ್ಲೈಸ್ ನೋಡಿದರೆ ಉದ್ದಕ್ಕೆ ಹೋಗಿರುತ್ತದೆ.

ಎಸ್‌ಡಬ್ಲ್ಯೂಐಗೆ ನಾಲ್ಕೈದು ನಿಮಿಷ ಹಿಡಿಯುತ್ತದೆ, ತಲೆ ಅಲುಗಿದರೆ ಅದೇ ಮೊದಲು ಕೆಡುತ್ತದೆ. ಗೊಂದಲದಲ್ಲಿರುವ ವಯಸ್ಸಾದವರಿಗೆ ಅದನ್ನು ಕಡೆಗೆ ಇಡದೆ ಮೊದಲೇ ತೆಗೆಸಿ. 3 ಟೆಸ್ಲಾ (ಯಂತ್ರದ ಕಾಂತಬಲದ ಅಳತೆ) ಯಂತ್ರದಲ್ಲಿ 1.5 ಟೆಸ್ಲಾಗಿಂತ ಚುಕ್ಕೆ ಹೆಚ್ಚು ಕಾಣುತ್ತವೆ, ಹಾಗಾಗಿ ಬೇರೆ ಬೇರೆ ಯಂತ್ರದ ಎಣಿಕೆ ಹೋಲಿಸಿ ‘ರೋಗ ಬೆಳೆದಿದೆ’ ಅನ್ನೋಕೆ ಹೋಗಬೇಡಿ. ಸೊಲ್ಲಾಪುರ, ಮಿರಜ ಕಡೆ ತೋರಿಸಲು ಹೋಗುವವರು ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಒಯ್ಯಿರಿ. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಸೂಜಿಯಲ್ಲಿ ಕೊಡುವ ಔಷಧ) ಈ ಪ್ರಶ್ನೆಗೆ ಬೇಕಿಲ್ಲ.

ಮುಧೋಳ_ಜಿಪಿ

ಕಾಂಟ್ರಾಸ್ಟ್ ಯಾವಾಗ ಬೇಕು ಹಾಗಾದರೆ?

ನ್ಯೂರೋ_ಬೆಳಗಾವಿ

ಕೆಲ ವಾರಗಳಲ್ಲೇ ಬುದ್ಧಿ ಮಂಕಾಗೋದು, ಸ್ವಭಾವ ಬದಲಾಗೋದು, ತಲೆನೋವು, ಫಿಟ್ಸ್. ಫ್ಲೇರ್‌ನಲ್ಲಿ ಒಂದು ಬದಿಗೆ ಹೆಚ್ಚು ಊತ. ಹಿಂಗಿದ್ದರೆ ಅಮಿಲಾಯ್ಡ್ ಸುತ್ತ ಉರಿಯೂತ ಎದ್ದಿರಬಹುದು, ಆಗ ಕಾಂಟ್ರಾಸ್ಟ್ ಬೇಕು. ಸೋಂಕು, ಗಡ್ಡೆ ಅಲ್ಲ ಅಂತ ನೋಡಿಕೊಂಡು ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂ, 3ರಿಂದ 5 ದಿನ ಶಿರೆಯ ಮೂಲಕ ಕೊಡುತ್ತಾರೆ. ಸಿಎಎಯಲ್ಲಿ ಔಷಧಕ್ಕೆ ಚೆನ್ನಾಗಿ ಬಗ್ಗುವ ರೂಪ ಇದೊಂದೇ, ಹಾಗಾಗಿ ಮರೆವು ಅಂತ ಬಿಟ್ಟುಬಿಡಬಾರದು.

ಔಷಧಿ_ಇಂಡಿ

ಗುಳಿಗಿ ಅಂಗಡಿ ಕಡೆಯಿಂದ ಒಂದ್ ಮಾತ್ರೀ. ಅಪಿಕ್ಸಬಾನ್ ನಿಲ್ಲಿಸಿದ್ರ ಸಾಲಂಗಿಲ್ಲ, ಮನ್ಯಾಗಿನ ಡಬ್ಬಿ ಪೂರಾ ಸುರುವಿ ನೋಡ್ರಿ. ಮೊಣಕಾಲ್ ನೋವಿಗೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಯಾವ್ದರ ಒಂದು ಇದ್ದೇ ಇರ್ತದ. ಊರಾಗ ಚೀಟಿ ಇಲ್ಲದ ಸೂಜಿ ಮಾಡಿಸ್ಕೊಳ್ಳೋದೂ ಅದಾನ. ಅವು ಪ್ಲೇಟ್ಲೆಟ್ ಕೆಲಸ ತಡೀತಾವ, ಮ್ಯಾಲ ಬಿಪಿನೂ ಏರಸ್ತಾವ. ಪ್ಯಾರಾಸಿಟಮಾಲ್ 500 ಅಥವಾ 650, ಆರಾರು ತಾಸಿಗೊಂದು, ದಿನಕ್ಕ 3 ಗ್ರಾಂ ಒಳಗ ಇರ್ಲಿ. ನೆಗಡಿ ಗುಳಿಗ್ಯಾಗೂ ಪ್ಯಾರಾಸಿಟಮಾಲ್ ಇರ್ತದ, ಅದನ್ನೂ ಲೆಕ್ಕಕ್ಕ ಹಿಡೀರಿ. ಮೀನೆಣ್ಣಿ, ಗಿಂಕೊ, ಬೆಳ್ಳುಳ್ಳಿ ಕ್ಯಾಪ್ಸೂಲ್ ಬ್ಯಾಡ್ರಿ. ಚಟ್ನಿಗೆ ಹಾಕೋ ಬೆಳ್ಳುಳ್ಳಿಗೇನೂ ಅಂಜಬ್ಯಾಡ್ರಿ. ಉಪ್ಪು ದಿನಕ್ಕ 5 ಗ್ರಾಂ, ಅಂದ್ರ ಒಂದು ಸಣ್ಣ ಚಮಚ. ರೊಟ್ಟಿ ಸಂಗಾಟ ಉಪ್ಪಿನಕಾಯಿ, ಹಪ್ಪಳ, ಕೆಂಪು ಖಾರ ಮೂರೂ ಇದ್ರ ಅಲ್ಲೇ ಅದು ಮುಗೀತದ.

ಒಮ್ಮೆಲೇ ತಲಿನೋವು, ವಾಂತಿ, ಮಾತು ತೊದಲೋದು ಆದ್ರ 108ಕ್ಕ ಹಚ್ರಿ. ನೀರು, ಗುಳಿಗಿ ಏನೂ ಬಾಯಿಗೆ ಹಾಕಬ್ಯಾಡ್ರಿ. ಅಪಿಕ್ಸಬಾನ್ ನಡದೇ ಇದ್ರ ಕಡೇ ಗುಳಿಗಿ ಎಷ್ಟೊತ್ತಿಗೆ ನುಂಗ್ಯಾರ ಅನ್ನೋದು ಬರದು ಸ್ಟ್ರಿಪ್ ಸಮೇತ ಕಳಸ್ರಿ. ಅದರ ಮ್ಯಾಲೇ ಪಿಸಿಸಿ (ರಕ್ತ ಹೆಪ್ಪುಗಟ್ಟಿಸೋ ಸೂಜಿ) ಕೊಡೋದು ನಿರ್ಧಾರ ಆಗ್ತದ.

ಫಿಸಿಯೋ_ವಿಜಯಪುರ

ಬಲಗಡೆ ನೋಟ ಇಲ್ಲ ಅಂದಿರಿ. ತಾಟಿನ ಬಲಬದಿಯ ಪಲ್ಯ ಹಂಗೇ ಉಳಿದರೆ ಹಸಿವಿಲ್ಲ ಅಂತ ತಿಳಿಯಬೇಡಿ. ತಲೆಯನ್ನೇ ಬಲಕ್ಕೆ ತಿರುಗಿಸಿ ನೋಡುವ ರೂಢಿ ಮಾಡಿಸಿ, ದಿನಕ್ಕೆ ನಾಲ್ಕೈದು ಸಲ, ಐದೈದು ನಿಮಿಷ. ನಡೆಸುವಾಗ ನೀವು ಬಲಗಡೆ ಇರಿ. ಹೊಸ್ತಿಲಿಗೆ ಬಿಳಿ ಪಟ್ಟಿ ಹಚ್ಚಿ, ಬಚ್ಚಲದ ಬಲಗೋಡೆಗೆ ಹಿಡಿಕೆ ಹಾಕಿಸಿ.