ಅಜ್ಜನ ಮಿಲಿಟರಿ ಚಾಕು: ಮೊಳೆ ತೆರೆಯುತ್ತಿಲ್ಲ, ಇಸವಿ ಓದಲಾಗುತ್ತಿಲ್ಲ

ಶಹಾಪುರದ ಮೊಮ್ಮಗ:
ನಮಸ್ಕಾರ್ರಿ, ಬೆಳಗಾವಿಯಿಂದ ಬರೆಯುತ್ತಿದ್ದೇನೆ. ನಮ್ಮಜ್ಜ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿದ್ದರು, 1951ರಲ್ಲಿ ಸೇರಿದವರು. ಅವರ ಟ್ರಂಕಿನಲ್ಲಿ ಒಂದು ಮಡಚುವ ಚಾಕು ಸಿಕ್ಕಿದೆ. ಹಿಡಿಕೆ ಕಪ್ಪು, ಅದರ ಮೇಲೆ ಚೌಕುಳಿ ಗೀರು. ಒಂದು ತುದಿಗೆ ಹಗ್ಗ ಕಟ್ಟೋ ಕಬ್ಬಿಣದ ಬಳೆ. ಒಳಗೆ ಒಂದು ಅಗಲವಾದ ಅಲಗು, ಒಂದು ಡಬ್ಬಿ ಓಪನರ್. ಬೆನ್ನಿನ ಕಡೆ ದಪ್ಪ ಮೊಳೆಯಂಥದ್ದು ಇದೆ, ಎಷ್ಟು ಜಗ್ಗಿದರೂ ಬರುತ್ತಿಲ್ಲ. ಅಲಗಿನ ಬುಡದಲ್ಲಿ ತುಕ್ಕಿನ ಮಧ್ಯೆ "ಷೆಫೀಲ್ಡ್" (ಇಂಗ್ಲೆಂಡಿನ ಊರು) ಅಂತ ಮಾತ್ರ ಓದಲು ಬರುತ್ತದೆ. ಖಡೇಬಜಾರಿನಲ್ಲಿ ಒಬ್ಬರು ನೋಡಿ, "ವಿಕ್ಟೋರಿಯಾ ರಾಣಿ ಕಾಲದ್ದು, ಸಾಣೆ ಹಿಡಿಸ್ರಿ, ಚಲೋ ರೇಟ್ ಬರ್ತದ" ಅಂದರು. ಹಿಡಿಸಲಾ?

ಕ್ಯಾಂಪ್ ಹಳಬ:
ಸಾಣೆ ಬೇಡ್ರಿ. ಎಮರಿ ಕಾಗದವೂ ಬೇಡ. ಆ ಅಕ್ಷರಗಳು ಕಾಗದದಷ್ಟು ಆಳ ಅಷ್ಟೇ. ಒಂದು ಸಲ ಸಾಣೆಕಲ್ಲಿಗೆ ಹಚ್ಚಿದರೆ ಕಂಪನಿ ಹೆಸರು, ಇಸವಿ ಎರಡೂ ಹೋದವು. ಆಮೇಲೆ ಯಾರು ಬಂದರೂ ಹೇಳಲಾರರು.

ಮೊದಲು ಮೊಳೆ ಬಿಡಿಸಿ. ಕೀಲಿನ ಸಂದಿಗೆ ಹೊಲಿಗೆ ಮಷೀನಿನ ಎಣ್ಣೆ ಎರಡು ಹನಿ ಬಿಡಿ. ಕೀಲು ಕೆಳಗೆ ಬರುವಂತೆ ರಾತ್ರಿಯಿಡೀ ನಿಲ್ಲಿಸಿ. ಬೆಳಿಗ್ಗೆ ಅಲಗಿಗೆ ಟೇಪ್ ಸುತ್ತಿ, ಮೊಳೆಯನ್ನು ಸ್ವಲ್ಪ ಎತ್ತಿ, ಬಿಟ್ಟು, ಮತ್ತೆ ಎತ್ತಿ. ಒಂದೇ ಸಲ ಇಕ್ಕಳ ಹಾಕಿ ಜಗ್ಗಿದರೆ ಬೆನ್ನಿನ ಸ್ಪ್ರಿಂಗ್ ಮುರಿಯುತ್ತದೆ. ಬರದಿದ್ದರೆ ಮರುದಿನ ಮತ್ತೆ ಎಣ್ಣೆ. ಥಿನ್ನರ್, ನೇಲ್ ಪಾಲಿಶ್ ತೆಗೆಯೋ ದ್ರವ ಹತ್ತಿರಕ್ಕೂ ತರಬೇಡಿ, ಹಿಡಿಕೆ ಪ್ಲಾಸ್ಟಿಕ್ ಆಗಿದ್ದರೆ ಕರಗುತ್ತದೆ.

ಅಕ್ಷರ ಓದಲು ಎಣ್ಣೆ ಬಟ್ಟೆಯಿಂದ ತಿಕ್ಕಿ ಒರೆಸಿ. ಒಣಗಿದ ಮೇಲೆ ಚಿಟಿಕೆ ವಿಭೂತಿ ಉಜ್ಜಿ, ಮೇಲಿನದ್ದನ್ನು ಬೆರಳಿನಿಂದ ಒರೆಸಿಬಿಡಿ. ಗೀರಿನಲ್ಲಿ ಬಿಳಿ ಉಳಿಯುತ್ತದೆ. (ಮನೆಯವರು ಬೈದರೆ ಟಾಲ್ಕಂ ಪೌಡರ್ ಆದೀತು.) ಟಾರ್ಚನ್ನು ಪಕ್ಕದಿಂದ, ಅಲಗಿಗೆ ಸಮನಾಗಿ ಹಿಡಿದು ಫೋಟೊ ತೆಗೆಯಿರಿ. ಓಪನರಿನ ಬುಡವನ್ನೂ ನೋಡಿ, ಕೆಲವದರಲ್ಲಿ ಇಸವಿ ಅಲ್ಲಿರುತ್ತದೆ.

ಹಳೇ ಅಲಗು:
ವಿಕ್ಟೋರಿಯಾ ಕಾಲದ್ದಂತೂ ಅಲ್ಲ. ರಾಣಿ ತೀರಿಕೊಂಡದ್ದು 1901ರಲ್ಲಿ. ಅಲಗು, ಓಪನರ್, ಮೊಳೆ, ಬಳೆ ಇರುವ ಈ ಬ್ರಿಟಿಷ್ ಸೇನೆಯ ನಮೂನೆಗೆ 6353/1905 ಅನ್ನೋ ನಂಬರ್ ಇದೆ. ಕೊನೆಯ 1905 ಅನ್ನೋದು ಆ ನಮೂನೆ ಗೊತ್ತುಮಾಡಿದ ವರ್ಷ. ಕೆಲವು ಚಾಕುಗಳ ಮೇಲೆ ಈ ನಂಬರನ್ನೇ ಒತ್ತಿರುತ್ತಾರೆ. ಅದನ್ನು ಓದಿ "1905ರಲ್ಲಿ ಮಾಡಿದ ಚಾಕು" ಅನ್ನೋರೂ ಇದ್ದಾರೆ. ಅದು ತಪ್ಪು.

ಕಾಲ ಹೇಳುವಾಗ ಎಲ್ಲಕ್ಕಿಂತ ಹೊಸ ಗುರುತು ಯಾವುದು ಅಂತ ಹುಡುಕಬೇಕು. ಹಳೆಯ ಹೆಸರು, ಹಳೆಯ ಲಾಂಛನ ಎಷ್ಟು ವರ್ಷ ಬೇಕಾದರೂ ಮುಂದುವರಿಯಬಹುದು. ಷೆಫೀಲ್ಡಿನ ಜೋಸೆಫ್ ರಾಜರ್ಸ್ ಅನ್ನೋ ಚಾಕು ಕಂಪನಿಯ ನಕ್ಷತ್ರ ಮತ್ತು ಶಿಲುಬೆ ಗುರುತು 18ನೇ ಶತಮಾನದ್ದು, 20ನೇ ಶತಮಾನದ ಚಾಕುಗಳ ಮೇಲೂ ಅದೇ ಇದೆ. ಅಂದರೆ ಆ ಗುರುತಿನಿಂದ ಕಾಲ ತಿಳಿಯುವುದಿಲ್ಲ. ಹೊಸ ಗುರುತು ಸುಳ್ಳು ಹೇಳಲಾರದು. ಅಲಗಿನ ಮೇಲೆ "ಸ್ಟೇನ್‌ಲೆಸ್" ಅಂತಿದ್ದರೆ 1913ರ ನಂತರದ್ದು, ಹ್ಯಾರಿ ಬ್ರಿಯರ್ಲಿ ಷೆಫೀಲ್ಡಿನಲ್ಲಿ ಆ ಉಕ್ಕು ತಯಾರಿಸಿದ್ದೇ ಆ ವರ್ಷ. "ವೆಸ್ಟ್ ಜರ್ಮನಿ" ಅಂತಿದ್ದರೆ 1949ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ, ಆ ದೇಶ ಹುಟ್ಟಿದ್ದೇ ಆಗ.

ನಿಮ್ಮದರಲ್ಲಿ ಹಿಡಿಕೆಯೇ ಮುಖ್ಯ. ಭೂತಗನ್ನಡಿ ಹಿಡಿದು ನೋಡಿ. ಕೋಡಾಗಿದ್ದರೆ ಸಣ್ಣ ಎಳೆಗಳು, ಪದರಗಳು ಕಾಣುತ್ತವೆ. ಎಲ್ಲ ಕಡೆ ಒಂದೇ ಸಮ ಕಪ್ಪಾಗಿ, ಅಂಚಿನಲ್ಲಿ ಕುಗ್ಗಿ ಸೊಟ್ಟಗಾಗಿದ್ದರೆ ಪ್ಲಾಸ್ಟಿಕ್. ಎರಡನೇ ಮಹಾಯುದ್ಧದಲ್ಲಿ ಬೆಕ್ಸಾಯ್ಡ್ ಅನ್ನೋ ಪ್ಲಾಸ್ಟಿಕ್ ಹೀಗೆ ಹಾಕುತ್ತಿದ್ದರು. ಕಾದ ಸೂಜಿ ಚುಚ್ಚಿ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಅನ್ನೋ ಹಳೇ ಪ್ಲಾಸ್ಟಿಕ್ ಇದ್ದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ.

ಶಹಾಪುರದ ಮೊಮ್ಮಗ:
ಮೊಳೆ ಬಂತು! ಹಿಡಿಕೆಯಲ್ಲಿ ಎಳೆ ಇಲ್ಲ, ಒಂದು ಮೂಲೆ ಸ್ವಲ್ಪ ಎದ್ದಿದೆ. ವಿಭೂತಿ ಹಚ್ಚಿದ ಮೇಲೆ ಮೂರು ಗೆರೆಯ ಬಾಣದ ಗುರುತು, ಅದರ ಪಕ್ಕ 1943 ಸ್ಪಷ್ಟ ಕಾಣುತ್ತದೆ. ಆದರೆ ಅಜ್ಜ ಸೇರಿದ್ದು 1951ರಲ್ಲಿ ಅಲ್ವಾ? ಹಾಗಾದರೆ ಇದು ಅವರದ್ದಲ್ಲವಾ?

ಕ್ಯಾಂಪ್ ಹಳಬ:
ಯಾಕಾಗಬಾರದು? 1943 ಅನ್ನೋದು ಚಾಕು ತಯಾರಾದ ವರ್ಷ, ಸೈನಿಕನ ಕೈಗೆ ಬಂದ ವರ್ಷವಲ್ಲ. ಮೂರು ಗೆರೆಯ ಬಾಣ ಬ್ರಿಟಿಷ್ ಸರ್ಕಾರದ ಸೊತ್ತಿನ ಗುರುತು. ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಸ್ಟೋರಿನಲ್ಲಿ ಉಳಿದದ್ದು ಕೊಟ್ಟಿರಬಹುದು, ಹಿರಿಯ ಸಿಪಾಯಿಯೊಬ್ಬರು ಕೊಟ್ಟಿರಬಹುದು, ಸಂತೆಯಲ್ಲಿ ಕೊಂಡಿದ್ದೂ ಆಗಿರಬಹುದು. ಚಾಕು ನೋಡಿ ಅದನ್ನು ಹೇಳಲಾಗದು. ಅಜ್ಜನ ಸರ್ವಿಸ್ ಪುಸ್ತಕ, ಹಳೇ ಫೋಟೊ ಇದ್ದರೆ ಹುಡುಕಿ. ಸೊಂಟದ ಹಗ್ಗಕ್ಕೆ ಈ ಬಳೆ ನೇತಾಡುತ್ತಿದ್ದರೆ ಫೋಟೊದಲ್ಲೇ ಕಾಣುತ್ತದೆ.

ಹಳೇ ಅಲಗು:
ಇಸವಿ, ಹಿಡಿಕೆ ಎರಡೂ ಒಂದೇ ಕಾಲ ಹೇಳುತ್ತಿವೆ, ಬಾಣವೂ ಅದಕ್ಕೆ ಹೊಂದುತ್ತದೆ. ಇನ್ನು ಅನುಮಾನ ಬೇಡ. ಎದ್ದ ಮೂಲೆಗೆ ಫೆವಿಕ್ವಿಕ್ ಹಾಕಬೇಡಿ, ಹಾಗೇ ಇರಲಿ. ಚರ್ಮದ ಚೀಲದಲ್ಲೂ ಇಡಬೇಡಿ, ನಮ್ಮ ಕಡೆ ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಅಲಗು ತುಕ್ಕು ತಿನ್ನುತ್ತದೆ. ಎಣ್ಣೆ ಒರೆಸಿದ ಹತ್ತಿ ಬಟ್ಟೆ ಸಾಕು. ಮೊಳೆಯ ಬುಡದಲ್ಲಿ ಕಂಪನಿ ಹೆಸರು ಕಂಡರೆ ಫೋಟೊ ಹಾಕ್ರಿ.