ಲಾಗಿನ್ ಆದೊಡನೆ ಅವರವರ ನೆಟ್‌ವರ್ಕ್ ಡ್ರೈವ್ ಮೌಂಟ್ ಆಗುವಂತೆ ಮಾಡುವುದು ಹೇಗೆ?

ಪ್ರಶ್ನೆ:
ನಾಲ್ವರು ಸರದಿಯ ಮೇಲೆ ಬಳಸುವ ಉಬುಂಟು ಕಂಪ್ಯೂಟರ್ ಒಂದಿದೆ. ಸಾಂಬಾ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ತಂತ್ರಾಂಶ) ಸರ್ವರಿನಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಫೋಲ್ಡರ್ ಇದ್ದು, ಯಾರು ಲಾಗಿನ್ ಆಗುತ್ತಾರೋ ಅವರ ಫೋಲ್ಡರ್ ಮಾತ್ರ ತಾನಾಗಿಯೇ ಮೌಂಟ್ ಆಗಬೇಕು, ಅಂದರೆ ಈ ಕಂಪ್ಯೂಟರಿನ ಒಂದು ಫೋಲ್ಡರಿನಂತೆ ಜೋಡಣೆಯಾಗಬೇಕು. ಯಾವ ಡ್ರೈವ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಸೇರಿಸಿ ನೋಡಿದೆ. ಫೈಲುಗಳೆಲ್ಲ ರೂಟ್ (ನಿರ್ವಾಹಕ ಖಾತೆ) ಹೆಸರಿನಲ್ಲಿ ಕಾಣಿಸಿಕೊಂಡು, ಯಾರಿಗೂ ಏನನ್ನೂ ಉಳಿಸಲು ಆಗಲಿಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ 1:
ಎಫ್‌ಎಸ್‌ಟ್ಯಾಬ್ ಇಡೀ ಯಂತ್ರಕ್ಕೆ ಸೇರಿದ್ದು. ಯಾರು ಲಾಗಿನ್ ಆದರೆಂಬುದು ಅದಕ್ಕೆ ತಿಳಿಯದು. ಎಲ್ಲರಿಗೂ ಒಂದೇ ಫೋಲ್ಡರ್ ಸಾಕಾಗಿದ್ದರೆ, ಫೈಲುಗಳು ಯಾವ ಬಳಕೆದಾರರ, ಯಾವ ಗುಂಪಿನ ಹೆಸರಿನಲ್ಲಿರಬೇಕೆಂದು ಹೇಳುವ ಯುಐಡಿ, ಜಿಐಡಿ ಆಯ್ಕೆಗಳ ಜೊತೆಗೆ ಸಿಸ್ಟಮ್‌ಡಿಯ (ಉಬುಂಟುವಿನ ಸೇವೆಗಳನ್ನು ನಡೆಸುವ ವ್ಯವಸ್ಥೆ) ಆಟೋಮೌಂಟ್ ಆಯ್ಕೆಯನ್ನೂ ಕೊಟ್ಟು, ಫೋಲ್ಡರನ್ನು ಮೊದಲ ಬಾರಿ ತೆರೆದಾಗಲೇ ಮೌಂಟ್ ಆಗುವಂತೆ ಮಾಡಬಹುದಿತ್ತು. ಪಾಸ್‌ವರ್ಡನ್ನಂತೂ ಆ ಸಾಲಿನಲ್ಲಿ ಬರೆಯಬೇಡಿ, ಏಕೆಂದರೆ ಎಫ್‌ಎಸ್‌ಟ್ಯಾಬನ್ನು ಯಾರು ಬೇಕಾದರೂ ಓದಬಹುದು. ಅದನ್ನು 600 ಅನುಮತಿಯ (ಒಡೆಯರು ಮಾತ್ರ ಓದಿ ಬರೆಯಬಲ್ಲ) ಪ್ರತ್ಯೇಕ ಫೈಲಿನಲ್ಲಿಡಿ.

ಉತ್ತರ 2:
ನಿಮಗೆ ಬೇಕಾಗಿರುವುದು ಲಾಗಿನ್ ಹೊತ್ತಿನಲ್ಲೇ ಡ್ರೈವ್ ಮೌಂಟ್ ಮಾಡುವ ಪ್ಯಾಮ್‌ಮೌಂಟ್. ಲಾಗಿನ್ ಪರದೆಯಲ್ಲಿ ಟೈಪ್ ಮಾಡಿದ ಪಾಸ್‌ವರ್ಡನ್ನೇ ಅದು ಸರ್ವರಿಗೂ ಕೊಟ್ಟು ಮೌಂಟ್ ಮಾಡುತ್ತದೆ. ಆದ್ದರಿಂದ ಎರಡೂ ಕಡೆ ಪಾಸ್‌ವರ್ಡ್ ಒಂದೇ ಆಗಿರಬೇಕು. ಲಿಬ್‌ಪ್ಯಾಮ್-ಮೌಂಟ್ ಮತ್ತು ಸಿಐಎಫ್‌ಎಸ್-ಯುಟಿಲ್ಸ್ ಪ್ಯಾಕೇಜುಗಳನ್ನು ಹಾಕಿಕೊಂಡು, ಇಟಿಸಿಯೊಳಗಿನ ಸೆಕ್ಯುರಿಟಿ ಡೈರೆಕ್ಟರಿಯಲ್ಲಿರುವ ಪ್ಯಾಮ್‌ಮೌಂಟ್‌ನ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದು ವಾಲ್ಯೂಮ್ ಸಾಲು ಸೇರಿಸಿ. ಫೋಲ್ಡರಿನ ಹೆಸರು ಬರುವಲ್ಲಿ ಶೇಕಡಾ ಚಿಹ್ನೆಯ ಯೂಸರ್ ವೇರಿಯಬಲ್ %(USER) (ಲಾಗಿನ್ ಆದವರ ಹೆಸರು ಇದರ ಜಾಗಕ್ಕೆ ಬರುತ್ತದೆ) ಬಳಸಿದರೆ ನಾಲ್ವರಿಗೂ ಅದೊಂದೇ ಸಾಲು ಸಾಕು. ಬೆರಳಚ್ಚಿನಿಂದಲೋ ಆಟೋ-ಲಾಗಿನ್‌ನಿಂದಲೋ ಒಳಬಂದವರಿಗೆ ಮಾತ್ರ ಇದು ಕೆಲಸ ಮಾಡದು. ಅಲ್ಲಿ ಸರ್ವರಿಗೆ ದಾಟಿಸಲು ಪಾಸ್‌ವರ್ಡೇ ಇರುವುದಿಲ್ಲ.

ಇನ್ನೊಂದು ಮಾತು. ಮೌಂಟ್ ವಿಫಲವಾದರೂ ಲಾಗಿನ್ ಆಗಿಬಿಡಬಹುದು. ಆಗ ಖಾಲಿ ಫೋಲ್ಡರ್ ಕಂಡವರು ಅದರಲ್ಲೇ ಕೆಲಸ ಉಳಿಸಿದರೆ ಅದು ಸ್ಥಳೀಯ ಡಿಸ್ಕಿಗೆ ಹೋಗುತ್ತದೆ, ಮುಂದಿನ ಬಾರಿ ಮೌಂಟ್ ಸರಿಯಾದಾಗ ಅದರಡಿ ಮರೆಯಾಗುತ್ತದೆ. ನಾನೇ ಹೀಗೆ ಒಂದು ವಾರದ ಕಡತಗಳು ಅಳಿಸಿಹೋದವೆಂದು ತಿಳಿದು, ಡ್ರೈವನ್ನು ಅನ್‌ಮೌಂಟ್ ಮಾಡಿದಾಗ ಅವು ಅಡಿಯಲ್ಲೇ ಇದ್ದುದನ್ನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರು:
ಪ್ಯಾಮ್‌ಮೌಂಟ್‌ನಿಂದ ಕೆಲಸವಾಯಿತು, ಧನ್ಯವಾದಗಳು. ಆದರೆ ಒಬ್ಬರು ಲಾಗ್‌ಔಟ್ ಆದ ಮೇಲೂ ಅವರ ಡ್ರೈವ್ ಹಾಗೆಯೇ ಉಳಿಯುತ್ತಿದೆ.

ಉತ್ತರ 2:
ಹಿನ್ನೆಲೆಯಲ್ಲಿ ಯಾವುದೋ ಪ್ರೋಗ್ರಾಂ ಆ ಡ್ರೈವಿನ ಫೈಲನ್ನು ತೆರೆದಿಟ್ಟುಕೊಂಡಿರಬೇಕು. ಎಲ್‌ಎಸ್‌ಒಎಫ್ ಆದೇಶ ಅದನ್ನು ತೋರಿಸುತ್ತದೆ. ಅದೇ ಎಕ್ಸ್‌ಎಂಎಲ್ ಫೈಲಿನ ಲಾಗ್‌ಔಟ್ ಸಾಲಿನಲ್ಲಿ, ಉಳಿದ ಪ್ರೋಗ್ರಾಂಗಳಿಗೆ ಮುಗಿಯುವಂತೆ ಸೂಚಿಸುವ ಟರ್ಮ್ ಎಂಬುದನ್ನು ಯೆಸ್ ಮಾಡಿ, ವೇಟ್ (ಕಾಯುವ) ಅವಧಿಯನ್ನೂ ಕೊಡಿ. ಅದರ ಅಳತೆ ಮೈಕ್ರೋಸೆಕೆಂಡಿನಲ್ಲಿದೆ. ಐದು ಸೆಕೆಂಡು ಕಾಯಬೇಕಾದರೆ 5 ಎಂದಲ್ಲ, 5000000 ಎಂದು ಬರೆಯಬೇಕು.